ಸ್ಪಿತಿಗೆ ಆರೇ ಜನ ಹೋಗಿ

ಹಿಮಾಚಲದ ಸ್ಪಿತಿ ಕಣಿವೆಯ ಒಂದು ಫೋಟೋ ಸ್ನೇಹಿತರ ವಾಟ್ಸಾಪ್ ಗುಂಪಿಗೆ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ಹದಿನಾಲ್ಕು ಜನ "ನಾನೂ ರೆಡಿ" ಅಂತಾರೆ. ರಜೆ ಹಾಕುವ ದಿನ ಬಂದಾಗ ಒಬ್ಬೊಬ್ಬರೇ ಜಾರಿಕೊಂಡು ಕೊನೆಗೆ ಆರು ಜನ ಉಳಿಯುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಆ ಕಡೆಗೆ ಆರೇ ಸರಿಯಾದ ಲೆಕ್ಕ.

ನಾನು ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಹದಿಮೂರು ಜನ, ಎಂಟು ದಿನ, ಮನಾಲಿ ಕಡೆಯಿಂದ. ಎರಡನೇ ಸಲ ಆರು ಜನ, ಹದಿಮೂರು ದಿನ, ಶಿಮ್ಲಾ ಕಡೆಯಿಂದ. ಮೊದಲ ಸಲದ್ದರಲ್ಲಿ ನನಗೆ ಚೆನ್ನಾಗಿ ನೆನಪಿರುವುದು ತಲೆನೋವು ಮತ್ತು ಯಾರಿಗೋ ಕಾಯುತ್ತಾ ಗಾಡಿಯಲ್ಲಿ ಕೂತದ್ದು. ಹಾಗಾಗಿ ಇಲ್ಲಿ ಹೇಳುವುದೆಲ್ಲ ಎರಡನೇ ಸಲದ ದಾರಿ.

ಆರೇ ಯಾಕೆ? ಇನ್ನೋವಾ ಥರದ ಒಂದು ಗಾಡಿಯಲ್ಲಿ ಡ್ರೈವರ್ ಬಿಟ್ಟು ಆರು ಜನ ಕೂರಬಹುದು, ಬ್ಯಾಗುಗಳು ಮೇಲಿನ ಕ್ಯಾರಿಯರ್‌ಗೆ ಹೋಗುತ್ತವೆ. ಏಳನೆಯವರು ಬಂದರೆ ಟೆಂಪೋ ಟ್ರಾವೆಲರ್ ಬೇಕು, ಅದು ಕಿಬ್ಬರ್, ಲಾಂಗ್ಜಾ ಕಡೆಯ ಕಿರಿದಾದ ತಿರುವುಗಳಲ್ಲಿ ಒದ್ದಾಡುತ್ತದೆ. ಇನ್ನು ಅಲ್ಲಿನ ಹಳ್ಳಿಗಳಲ್ಲಿ ಉಳಿಯುವುದು ಜನರ ಮನೆಗಳಲ್ಲೇ, ಅಂದರೆ ಹೋಮ್‌ಸ್ಟೇಗಳಲ್ಲಿ. ಒಂದು ಮನೆಯಲ್ಲಿ ಮೂರು ಕೋಣೆ ಇದ್ದರೆ ಜಾಸ್ತಿ. ಹದಿಮೂರು ಜನ ಹೋದಾಗ ನಾವು ಮೂರು ಮನೆಗೆ ಹಂಚಿಹೋಗಿದ್ದೆವು. ಬೆಳಿಗ್ಗೆ ಎಲ್ಲರನ್ನೂ ಹುಡುಕಿ ಒಟ್ಟು ಮಾಡಿ ಗಾಡಿ ಹತ್ತಿಸುವಷ್ಟರಲ್ಲಿ ಹತ್ತು ಗಂಟೆ ಆಗುತ್ತಿತ್ತು. ಆರು ಜನ ಒಂದೇ ಮನೆಯಲ್ಲಿ, ಒಂದೇ ಒಲೆಯ ಸುತ್ತ ಕೂರಬಹುದು. ಆ ಒಲೆಯ ಹತ್ತಿರ ಕೂತು ಮನೆಯ ಅಜ್ಜಿಯ ಜೊತೆ ಬಟಾಣಿ ಸುಲಿಯುವುದು ಎಷ್ಟೋ ವ್ಯೂ ಪಾಯಿಂಟಿಗಿಂತ ಮೇಲು. ಸ್ಪಿತಿಯ ಹಸಿ ಬಟಾಣಿ ತುಂಬಾ ಸಿಹಿ, ಅಲ್ಲಿನವರ ಮುಖ್ಯ ದುಡ್ಡಿನ ಬೆಳೆಯೂ ಅದೇ.

ಯಾವ ಕಡೆಯಿಂದ ಹತ್ತಬೇಕು

ಶಿಮ್ಲಾ ಕಡೆಯಿಂದ. ಇದರಲ್ಲಿ ಚರ್ಚೆಯೇ ಬೇಡ ಅನ್ನುತ್ತೇನೆ.

ಮನಾಲಿ ಇರುವುದು ಸಮುದ್ರಮಟ್ಟದಿಂದ 2,050 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸ್ಪಿತಿಯ ಮುಖ್ಯ ಊರಾದ ಕಾಜಾಕ್ಕೆ ಸುಮಾರು 200 ಕಿಲೋಮೀಟರ್, ಒಂದೇ ದಿನದಲ್ಲಿ ತಲುಪಬಹುದು, ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ನಡುವೆ 4,550 ಮೀಟರ್ ದಾಟುವ ಕುಂಜುಮ್ ಪಾಸ್ ಇದೆ, ಆಮೇಲೆ ರಾತ್ರಿ ಮಲಗುವುದು ಸುಮಾರು 3,650 ಮೀಟರ್‌ನ ಕಾಜಾದಲ್ಲಿ. ದೇಹಕ್ಕೆ ಇದು ಅರ್ಥವಾಗುವುದಿಲ್ಲ. ನಮ್ಮ ಹದಿಮೂರು ಜನರಲ್ಲಿ ಐವರು ಆ ರಾತ್ರಿ ವಾಂತಿ ಮಾಡಿದರು, ಒಬ್ಬನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆಕ್ಸಿಜನ್ ಕೊಡಿಸಬೇಕಾಯಿತು. ಅವನು ನಮ್ಮಲ್ಲೆಲ್ಲ ಗಟ್ಟಿಮುಟ್ಟಾದ ಆಳು, ದಿನಾ ಜಿಮ್‌ಗೆ ಹೋಗುವವನು. ಎತ್ತರದ ಕಾಯಿಲೆ ಮೈಕಟ್ಟು ನೋಡಿ ಬರುವುದಿಲ್ಲ.

ಶಿಮ್ಲಾ ಕಡೆಯಿಂದ ಬಂದರೆ ದಾರಿಯೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸರಾಹನ್ 2,100 ಚಿಲ್ಲರೆ, ಸಾಂಗ್ಲಾ 2,700ರ ಹತ್ತಿರ, ಕಲ್ಪಾ 2,960, ತಾಬೋ 3,280, ಆಮೇಲೆ ಕಾಜಾ. 3,000 ಮೀಟರ್ ದಾಟಿದ ಮೇಲೆ ಮಲಗುವ ಊರಿನ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅನ್ನುವುದು ವೈದ್ಯರು ಹೇಳುವ ಲೆಕ್ಕ. ಹಗಲಲ್ಲಿ ಎಷ್ಟು ಬೇಕಾದರೂ ಮೇಲೆ ಹೋಗಿ ಬನ್ನಿ, ರಾತ್ರಿ ಮಲಗುವುದು ಎಲ್ಲಿ ಅನ್ನುವುದೇ ಮುಖ್ಯ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ಸಲ್ಫಾ ಔಷಧಿಯ ಅಲರ್ಜಿ ಇರುವವರು ಅದನ್ನು ಖಂಡಿತ ಹೇಳಬೇಕು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆ, ಆಗ ಅಲ್ಲೇ ನಿಂತು ವಿಶ್ರಾಂತಿ. ಕೂತಲ್ಲೇ ಏದುಸಿರು ಬಂದರೆ, ನಡೆಯುವಾಗ ಕುಡಿದವರ ಹಾಗೆ ತೂರಾಡಿದರೆ, ಗಂಟೆ ಎಷ್ಟಾದರೂ ಸರಿ, ಕೆಳಗೆ ಇಳಿಸಿ. ಗುಂಪು ಚಿಕ್ಕದಿದ್ದರೆ ಇದೂ ಸುಲಭ. ರಾತ್ರಿ ಊಟಕ್ಕೆ ಕೂತಾಗ ಯಾರು ತಟ್ಟೆ ಸರಿಸಿದರು ಅಂತ ಆರು ಜನರಲ್ಲಿ ಕಣ್ಣಿಗೆ ಬೀಳುತ್ತದೆ. ಹದಿಮೂರರಲ್ಲಿ ಬೀಳುವುದಿಲ್ಲ.

ಯಾವಾಗ ಹೋಗಬೇಕು ಅನ್ನುವುದಕ್ಕೆ ಚಿಕ್ಕ ಉತ್ತರ: ಜೂನ್ ಎರಡನೇ ಅರ್ಧ, ಇಲ್ಲವೇ ಸೆಪ್ಟೆಂಬರ್. ಕುಂಜುಮ್ ದಾರಿ ಹೆಚ್ಚುಕಡಿಮೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಸ್ಪಿತಿ ಮಳೆ ನೆರಳಿನ ಕಣಿವೆ, ಅಲ್ಲಿ ಮಳೆಗಾಲದಲ್ಲೂ ಏನೂ ತೊಂದರೆ ಇಲ್ಲ ಅಂತ ಕೆಲವರು ಹೇಳುತ್ತಾರೆ. ಮಾತು ನಿಜ, ಆದರೆ ಅಲ್ಲಿಗೆ ಹೋಗುವ ದಾರಿ ಪಕ್ಕದ ಕಿನ್ನೌರ್ ಜಿಲ್ಲೆಯದ್ದು, ಅಲ್ಲಿ ಮಳೆ ಬೀಳುತ್ತದೆ, ಮಳೆಯ ಹಿಂದೆಯೇ ಬಂಡೆಗಳೂ ಬೀಳುತ್ತವೆ. 2021ರ ಜುಲೈ ಮತ್ತು ಆಗಸ್ಟ್‌ನಲ್ಲಿ ಕಿನ್ನೌರಿನಲ್ಲಿ ಹೀಗೆ ಗುಡ್ಡ ಕುಸಿದು ಪ್ರವಾಸಿಗರು, ಬಸ್ಸಿನಲ್ಲಿದ್ದವರು ಜೀವ ಕಳೆದುಕೊಂಡರು. ಜುಲೈ, ಆಗಸ್ಟ್ ಬಿಟ್ಟುಬಿಡಿ.

ಮೊದಲ ವಾರ ಕಿನ್ನೌರಿಗೆ

ಚಂಡೀಗಢದವರೆಗೆ ವಿಮಾನ ಇದೆ, ಯಶವಂತಪುರದಿಂದ ಸಂಪರ್ಕ ಕ್ರಾಂತಿ ರೈಲೂ ಇದೆ. ಸಮಯ ಇದ್ದವರು ಕಾಲ್ಕಾದಿಂದ ಶಿಮ್ಲಾಕ್ಕೆ 1903ರ ಪುಟಾಣಿ ರೈಲು ಹತ್ತಬಹುದು. 96 ಕಿಲೋಮೀಟರ್, ನಿಧಾನ, ಆದರೆ ಚೆಂದ. ಗಾಡಿಯನ್ನು ಶಿಮ್ಲಾದಿಂದಲೇ ಮಾಡಿಕೊಳ್ಳಿ. ಡ್ರೈವರ್ ಕಿನ್ನೌರಿನವರೋ ಸ್ಪಿತಿಯವರೋ ಆಗಿರಬೇಕು, ಇದೊಂದರಲ್ಲಿ ಹಟ ಹಿಡಿಯಿರಿ. ಬಯಲಿನಿಂದ ಬಂದ ಡ್ರೈವರ್ ಎಷ್ಟೇ ಚೆನ್ನಾಗಿ ಓಡಿಸಲಿ, ಮೇಲಿಂದ ನಾಲ್ಕು ಸಣ್ಣ ಕಲ್ಲು ಉರುಳಿದಾಗ ನಿಲ್ಲಿಸಬೇಕೋ ಜೋರಾಗಿ ದಾಟಬೇಕೋ ಅಂತ ಅವನಿಗೆ ಗೊತ್ತಾಗುವುದಿಲ್ಲ. ನಮ್ಮ ಡ್ರೈವರ್ ಅಣ್ಣ ತರಾಂಡಾ ದೇವಿಯ ಗುಡಿ ಬಂದ ಕೂಡಲೇ ಯಾರನ್ನೂ ಕೇಳದೆ ಗಾಡಿ ನಿಲ್ಲಿಸಿದರು. ಆ ದಾರಿಯ ಡ್ರೈವರ್‌ಗಳೆಲ್ಲ ಅಲ್ಲಿ ಇಳಿದು ಕೈಮುಗಿದೇ ಮುಂದೆ ಹೋಗುವುದು. ಮುಂದಿನ ತಿರುವಿನಲ್ಲಿ ಬಂಡೆಯನ್ನು ಅರ್ಧಕ್ಕೆ ಕೊರೆದು ಮಾಡಿದ ರಸ್ತೆ, ತಲೆಯ ಮೇಲೆ ಬಂಡೆ, ಪಕ್ಕದಲ್ಲಿ ನೂರಾರು ಅಡಿ ಕೆಳಗೆ ಸಟ್ಲೆಜ್. ಯಾಕೆ ಕೈಮುಗಿದರು ಅಂತ ಆಮೇಲೆ ಯಾರೂ ಕೇಳಲಿಲ್ಲ.

ಸರಾಹನ್‌ನಲ್ಲಿ ಒಂದು ರಾತ್ರಿ ಇರಿ. ಬುಶಹರ್ ರಾಜರ ಹಳೆಯ ರಾಜಧಾನಿ ಅದು, ಅವರ ಕುಲದೇವಿ ಭೀಮಾಕಾಲಿಯ ಗುಡಿ ಇಲ್ಲಿದೆ. ಗೋಡೆಯನ್ನು ಹತ್ತಿರದಿಂದ ನೋಡಿ. ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ತೊಲೆ, ಮತ್ತೆ ಕಲ್ಲು, ಮತ್ತೆ ತೊಲೆ. ಸಿಮೆಂಟು ಇಲ್ಲ, ಗಾರೆ ಇಲ್ಲ. ಕಾಠ್‌ಕುಣಿ ಅಂತ ಇದಕ್ಕೆ ಹೆಸರು. ಭೂಮಿ ನಡುಗಿದಾಗ ಮರ ಸ್ವಲ್ಪ ಬಾಗಿ ಜಾಗ ಕೊಡುತ್ತದೆ, ಕಲ್ಲು ಭಾರ ಹಿಡಿಯುತ್ತದೆ, ಕಟ್ಟಡ ಉಳಿಯುತ್ತದೆ. ಹಳೆಯ ಗೋಪುರ 1905ರ ಭೂಕಂಪದಲ್ಲಿ ವಾಲಿ, ಆಮೇಲಿನ ಇನ್ನೊಂದು ನಡುಕದಲ್ಲಿ ನೆಟ್ಟಗಾಯಿತು ಅಂತ ಊರವರು ಹೇಳುತ್ತಾರೆ. ಒಳಗೆ ಹೋಗಲು ತಲೆಗೆ ಟೋಪಿ ಬೇಕು, ಅಲ್ಲೇ ಕೊಡುತ್ತಾರೆ. ಚರ್ಮದ ಬೆಲ್ಟು, ಪರ್ಸು ಹೊರಗೆ ಲಾಕರ್‌ನಲ್ಲಿ ಇಡಬೇಕು.

ಸಾಂಗ್ಲಾ ಪಕ್ಕದ ಕಾಮ್ರು ಕೋಟೆಯಲ್ಲೂ ಹೀಗೇ, ಕಿನ್ನೌರಿ ಟೋಪಿ ಹಾಕಿ ಸೊಂಟಕ್ಕೆ ಪಟ್ಟಿ ಕಟ್ಟಿದ ಮೇಲೆಯೇ ಒಳಗೆ ಬಿಡುತ್ತಾರೆ. ಇದನ್ನು ತಮಾಷೆ ಮಾಡಿಕೊಂಡು ಫೋಟೋಗೆ ಪೋಸು ಕೊಡುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ, ಅವರಿಗೆ ಮೊದಲೇ ಹೇಳಿಡಿ. ಕಿನ್ನೌರಿನ ಹಲವು ಊರಿನ ಗುಡಿಗಳಲ್ಲಿ ಹೊರಗಿನವರು ಮುಟ್ಟುವಂತಿಲ್ಲ. ಕೇಳಿ, ಬೇಡ ಅಂದರೆ ದೂರದಿಂದ ನೋಡಿ ಬನ್ನಿ.

ಛಿತ್‌ಕುಲ್‌ಗೆ ಹಗಲಲ್ಲಿ ಹೋಗಿ ಬಂದರೆ ಸಾಕು. 3,450 ಮೀಟರ್ ಎತ್ತರ, ದೇಹಕ್ಕೆ ಒಂದು ತಾಲೀಮು ಆಗುತ್ತದೆ. ಕಲ್ಪಾದಲ್ಲಿ ಮಾತ್ರ ಎರಡು ರಾತ್ರಿ ಇರಿ. ಎದುರಿಗೇ ಕಿನ್ನರ್ ಕೈಲಾಸ ಶಿಖರ, ಬೆಳಿಗ್ಗೆ ಕಿಟಕಿ ತೆಗೆದರೆ ಸಾಕು. ಸ್ವತಂತ್ರ ಭಾರತದ ಮೊದಲ ಮತದಾರ ಅಂತ ಹೆಸರಾದ ಶ್ಯಾಮ್ ಸರಣ್ ನೇಗಿ ಇದೇ ಊರಿನವರು. ದೇಶದ ಹೆಚ್ಚಿನ ಕಡೆ 1952ರಲ್ಲಿ ಮತದಾನ ನಡೆದರೆ, ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಮುಗಿಯಲಿ ಅಂತ ಇಲ್ಲಿ 1951ರ ಅಕ್ಟೋಬರ್ 25ಕ್ಕೇ ಮತ ಹಾಕಿಸಿದ್ದರು. ಚಳಿಗಾಲ ಇಲ್ಲಿ ಏನೇನನ್ನು ತೀರ್ಮಾನ ಮಾಡುತ್ತದೆ ನೋಡಿ.

ಕಲ್ಪಾದ ಕೆಳಗಿನ ರೆಕಾಂಗ್ ಪಿಯೋದಲ್ಲಿ ಮೂರು ಕೆಲಸ ಮುಗಿಸಿ: ದುಡ್ಡು ತೆಗೆಯಿರಿ, ಡೀಸೆಲ್ ತುಂಬಿಸಿ, ಔಷಧಿ ಕೊಳ್ಳಿ. ಮುಂದೆ ಕಾಜಾದವರೆಗೆ ಇವುಗಳನ್ನು ನಂಬಿಕೊಳ್ಳಬೇಡಿ. ಯುಪಿಐ ಕೆಲವು ಕಡೆ ನಡೆಯುತ್ತದೆ, ಆದರೆ ನೆಟ್‌ವರ್ಕ್ ಹೋದ ದಿನ ಹೋಮ್‌ಸ್ಟೇ ಅಮ್ಮನ ಮುಂದೆ ಫೋನ್ ಮೇಲೆತ್ತಿಕೊಂಡು ನಿಲ್ಲುವುದು ಚೆನ್ನಾಗಿರುವುದಿಲ್ಲ. ಗುಂಪಿನಲ್ಲಿ ಜಿಯೋ ಒಂದು, ಬಿಎಸ್‌ಎನ್‌ಎಲ್ ಒಂದು ಸಿಮ್ ಇರಲಿ. ಭಾರತೀಯರಿಗೆ ಈ ದಾರಿಯಲ್ಲಿ ಪರ್ಮಿಟ್ ಬೇಡ, ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ವಿದೇಶಿ ಪಾಸ್‌ಪೋರ್ಟಿನ ಗೆಳೆಯರು ಜೊತೆಗಿದ್ದರೆ ಅವರಿಗೆ ಗಡಿ ಪ್ರದೇಶದ ಇನ್ನರ್ ಲೈನ್ ಪರ್ಮಿಟ್ ಬೇಕು, ಅದಕ್ಕೆ ಒಂದು ದಿನ ಬಿಡಿ.

ಕಲ್ಪಾ ಬಿಟ್ಟ ಮೇಲೆ ಮರಗಳು ಮುಗಿಯುತ್ತವೆ. ಖಾಬ್ ಹತ್ತಿರ ಟಿಬೆಟ್‌ನಿಂದ ಬರುವ ಸಟ್ಲೆಜ್‌ಗೆ ಸ್ಪಿತಿ ನದಿ ಬಂದು ಸೇರುತ್ತದೆ, ಅಲ್ಲಿಂದ ಮುಂದೆ ಬರೀ ಮಣ್ಣು ಬಣ್ಣದ ಬೆಟ್ಟ. ಮಧ್ಯಾಹ್ನದ ಊಟಕ್ಕೆ ನಾಕೋದಲ್ಲಿ ನಿಲ್ಲಿಸಿ ಕೆರೆ ಸುತ್ತಿ. ಸುಮ್‌ದೋ ದಾಟಿದ ಮೇಲೆ ಗ್ಯೂ ಊರಿಗೆ ಒಂದು ಒಳದಾರಿ ಇದೆ. ಸುಮಾರು ಐನೂರು ವರ್ಷ ಹಿಂದಿನ ಸಂಘಾ ತೆನ್‌ಜಿನ್ ಎಂಬ ಭಿಕ್ಷುವಿನ ದೇಹ ಕೂತ ಭಂಗಿಯಲ್ಲೇ ಅಲ್ಲಿ ಉಳಿದಿದೆ. 1975ರ ಭೂಕಂಪದಲ್ಲಿ ಸಮಾಧಿ ಬಿರುಕು ಬಿಟ್ಟಾಗ ಗೊತ್ತಾಗಿದ್ದು. ಅದನ್ನು ಸೆಲ್ಫಿ ತೆಗೆಯುವ ಜಾಗ ಅಂದುಕೊಂಡವರು ಹೋಗದಿದ್ದರೇ ಒಳ್ಳೆಯದು.

ತಾಬೋ, ಇಲ್ಲಿ ಅವಸರ ಬೇಡ

ಪೂರ್ತಿ ಪ್ರವಾಸದಲ್ಲಿ ಒಂದೇ ಜಾಗ ನೋಡಿ ಬಾ ಅಂದರೆ ನಾನು ತಾಬೋ ಅನ್ನುತ್ತೇನೆ. ಇಲ್ಲಿನ ಗೊಂಪಾ, ಅಂದರೆ ಬೌದ್ಧ ಮಠ, ಕಟ್ಟಿದ್ದು 996ರಲ್ಲಿ. ನಮ್ಮ ಶ್ರವಣಬೆಳಗೊಳದ ಗೊಮ್ಮಟ ನಿಂತು ಆಗ ಹೆಚ್ಚುಕಡಿಮೆ ಹದಿನೈದು ವರ್ಷ ಆಗಿತ್ತಷ್ಟೇ. ಅದು ಕಲ್ಲು, ಇದು ಬರೀ ಮಣ್ಣು. ಹೊರಗಿನಿಂದ ನೋಡಿದರೆ ಏನೂ ಇಲ್ಲ, ಯಾರೋ ದೊಡ್ಡ ಮಣ್ಣಿನ ಪೆಟ್ಟಿಗೆಗಳನ್ನು ಅಂಗಳದಲ್ಲಿ ಇಟ್ಟು ಹೋದ ಹಾಗೆ ಕಾಣುತ್ತದೆ. ಮೊದಲ ಸಲ ನಾವು ಇಲ್ಲಿ ಇದ್ದದ್ದು ಇಪ್ಪತ್ತೈದು ನಿಮಿಷ.

ಎರಡನೇ ಸಲ ಬೀಗದ ಕೈ ಹಿಡಿದ ಲಾಮಾ ಬಾಗಿಲು ತೆಗೆದು ಒಳಗೆ ಬಿಟ್ಟರು, ನಾವು ಸುಮ್ನೆ ನಿಂತೆವು. ಛಾವಣಿಯ ಕಿಂಡಿಯಿಂದ ಬರುವಷ್ಟೇ ಬೆಳಕು. ಎರಡು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಗೋಡೆಯಿಂದ ಒಬ್ಬೊಬ್ಬರೇ ಹೊರಗೆ ಬರಲು ಶುರುಮಾಡಿದರು. ಮೂವತ್ತಕ್ಕೂ ಹೆಚ್ಚು ಮಣ್ಣಿನ ಮೂರ್ತಿಗಳು, ಆಳೆತ್ತರದವು, ನೆಲಕ್ಕೆ ತಾಗದೆ ಗೋಡೆಗೇ ಅಂಟಿಕೊಂಡು ತೇಲುತ್ತಾ ಕೂತಿವೆ. ಅವುಗಳ ಕೆಳಗೆ ಉದ್ದಕ್ಕೂ ಚಿತ್ರ. ಒಂದು ಕಡೆ ಬುದ್ಧನ ಬದುಕು. ಎದುರಿನ ಗೋಡೆಯಲ್ಲಿ ಸುಧನ ಎಂಬ ಹುಡುಗ ಊರೂರು ಅಲೆದು ಒಬ್ಬರಾದ ಮೇಲೆ ಒಬ್ಬರು ಗುರುಗಳನ್ನು ಹುಡುಕುವ ಕಥೆ. ಹೋಗುತ್ತಾನೆ, ಕೈಮುಗಿಯುತ್ತಾನೆ, ಕೇಳುತ್ತಾನೆ, ಮುಂದೆ ಹೊರಡುತ್ತಾನೆ. ನಮ್ಮಲ್ಲಿ ಒಬ್ಬಳು ಗೋಡೆಯಿಂದ ಒಂದು ಮೊಳ ದೂರ ನಿಂತು ಸುಧನನನ್ನು ಚಿತ್ರದಿಂದ ಚಿತ್ರಕ್ಕೆ ಹುಡುಕುತ್ತಾ ಹೋದಳು, ಮುಕ್ಕಾಲು ಗಂಟೆ. ನಾವು ಆರು ಜನ ಒಳಗಿದ್ದರೂ ಉಸಿರಾಟ ಬಿಟ್ಟು ಬೇರೆ ಸದ್ದಿರಲಿಲ್ಲ.

ಒಳಗೆ ಫೋಟೋ ತೆಗೆಯುವಂತಿಲ್ಲ, ಗೋಡೆ ಮುಟ್ಟುವಂತಿಲ್ಲ. ಚಿಕ್ಕ ಟಾರ್ಚ್ ಒಯ್ಯಿರಿ, ಲಾಮಾ ಅವರನ್ನು ಕೇಳಿಕೊಂಡೇ ಹಚ್ಚಿ. ದೊಡ್ಡ ಗುಂಪು ಒಳಗೆ ಹೋಗಿದ್ದರೆ ಕಾಯಿರಿ, ಅವರು ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ. ತಾಬೋದಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ, ಎತ್ತರಕ್ಕೆ ಹೊಂದಿಕೊಳ್ಳಲೂ ಇದು ಒಳ್ಳೆಯ ಊರು.

ಧಂಕರ್ ಒಂದು ರಾತ್ರಿ. ಸ್ಪಿತಿಯ ಹಳೆಯ ರಾಜಧಾನಿ. ಮಣ್ಣಿನ ಕೊಂಬಿನ ಹಾಗೆ ಎದ್ದ ಗುಡ್ಡದ ತುದಿಗೆ ಗೊಂಪಾ ಕಚ್ಚಿಕೊಂಡಿದೆ, ಕೆಳಗೆ ಪಿನ್ ಮತ್ತು ಸ್ಪಿತಿ ನದಿಗಳ ಸಂಗಮ. ಒಳಗೆ ಒಂದು ಸಲಕ್ಕೆ ತುಂಬಾ ಜನ ಹೋಗಬಾರದು, ಕಟ್ಟಡ ಅಷ್ಟು ಹಳೆಯದು.

ಕಾಜಾ ಮತ್ತು ಮೇಲಿನ ಹಳ್ಳಿಗಳು

ಕಾಜಾ ಕೂಡುರಸ್ತೆಯ ಊರು. ಪೆಟ್ರೋಲ್ ಬಂಕ್, ಎಟಿಎಂ, ಆಸ್ಪತ್ರೆ, ಮಾರುಕಟ್ಟೆ ಎಲ್ಲ ಇಲ್ಲೇ. ಮೂರು ರಾತ್ರಿ ಇಡಿ, ಆದರೆ ಮೂರನೇ ದಿನಕ್ಕೆ ಏನೂ ಪ್ಲಾನ್ ಇಡಬೇಡಿ. ಅದು ರಸ್ತೆ ಮುಚ್ಚಿದರೆ, ಯಾರಿಗಾದರೂ ಹುಷಾರು ತಪ್ಪಿದರೆ ಅಂತ ಇಟ್ಟ ದಿನ. ಏನೂ ಆಗದಿದ್ದರೆ ಬಟ್ಟೆ ಒಗೆದು ಬಿಸಿಲಿಗೆ ಕೂರಿ.

ಒಂದು ದಿನ ಕೀ ಗೊಂಪಾ, ಕಿಬ್ಬರ್, ಚಿಚಮ್ ಸೇತುವೆ. ಸೇತುವೆ ಬಂದದ್ದು 2017ರಲ್ಲಿ. ಅದಕ್ಕೆ ಮೊದಲು ಚಿಚಮ್‌ನವರು ಆ ಕಮರಿಯನ್ನು ಹಗ್ಗಕ್ಕೆ ತೂಗುಹಾಕಿದ ತೊಟ್ಟಿಲಿನಲ್ಲಿ ಕೂತು ದಾಟುತ್ತಿದ್ದರು. ಇನ್ನೊಂದು ದಿನ ಲಾಂಗ್ಜಾ, ಹಿಕ್ಕಿಮ್, ಕೋಮಿಕ್. ಮೂರೂ 4,400 ಮೀಟರ್ ಆಸುಪಾಸು ಅಥವಾ ಅದಕ್ಕೂ ಮೇಲೆ. ಹಿಕ್ಕಿಮ್‌ನ ಅಂಚೆ ಕಚೇರಿಯಿಂದ ಮನೆಗೊಂದು ಕಾರ್ಡ್ ಹಾಕಿ, ವಿಳಾಸದ ಪಿನ್‌ಕೋಡ್ ಮೊದಲೇ ಬರೆದುಕೊಂಡು ಹೋಗಿ. ಅಲ್ಲಿ ನಿಂತು ಅಮ್ಮನ ಮನೆಯ ಪಿನ್‌ಕೋಡ್ ನೆನಪಾಗದೆ ಪರದಾಡಿದವರಲ್ಲಿ ನಾನೂ ಒಬ್ಬ.

ಲಾಂಗ್ಜಾದಲ್ಲಿ ಮಕ್ಕಳು ಸುರುಳಿ ಗುರುತಿನ ಕಪ್ಪು ಕಲ್ಲು ತಂದು ಬೇಕಾ ಅಂತಾರೆ. ನಮ್ಮ ಮನೆಗಳಲ್ಲಿ ಪೂಜೆಗಿಡುವ ಸಾಲಿಗ್ರಾಮದೊಳಗಿನ ಸುರುಳಿಯೂ ಇದೇ ಜಾತಿಯ ಜೀವಿಯದ್ದು, ಅಮೋನೈಟ್. ಹಿಮಾಲಯ ಏಳುವ ಮೊದಲು ಇಲ್ಲಿ ಟೆಥಿಸ್ ಎಂಬ ಸಮುದ್ರ ಇತ್ತು, ಅದರ ತಳ ಈಗ ನಿಮ್ಮ ಕಾಲ ಕೆಳಗಿದೆ. ಕೈಯಲ್ಲಿ ಹಿಡಿದು ನೋಡಿ, ವಾಪಸ್ ಕೊಡಿ. ಕೊಳ್ಳಬೇಡಿ, ನಾವು ಕೊಂಡಷ್ಟೂ ಬೆಟ್ಟ ಅಗೆಯುತ್ತಾರೆ.

ಎಲ್ಲಿ ಹೋದರೂ "ಜುಲೇ" ಅನ್ನಿ. ನಮಸ್ಕಾರಕ್ಕೂ ಅದೇ, ಥ್ಯಾಂಕ್ಸ್‌ಗೂ ಅದೇ. ಸ್ತೂಪ, ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆಗಳನ್ನು ಬಲಕ್ಕಿಟ್ಟುಕೊಂಡು ದಾಟಿ, ನಮ್ಮ ಪ್ರದಕ್ಷಿಣೆಯ ಹಾಗೇ. ಬೆಣ್ಣೆ, ಉಪ್ಪು ಹಾಕಿದ ಚಹಾ ಕೊಟ್ಟರೆ ಅದನ್ನು ಚಹಾ ಅಂದುಕೊಳ್ಳದೆ ಸೂಪ್ ಅಂದುಕೊಂಡು ಕುಡಿಯಿರಿ, ಇಷ್ಟವಾಗುತ್ತದೆ. ಸಸ್ಯಾಹಾರಿಗಳಿಗೆ ಅನ್ನ, ದಾಲ್, ತರಕಾರಿ ತುಕ್ಪಾ (ನೂಡಲ್ಸ್ ಸೂಪ್) ಎಲ್ಲ ಕಡೆ ಸಿಗುತ್ತದೆ. ಹಳ್ಳಿ ಮನೆಗಳಲ್ಲಿ ನೀರಿಲ್ಲದ ಒಣ ಪಾಯಿಖಾನೆ ಇರುತ್ತದೆ, ಮಣ್ಣೋ ಬೂದಿಯೋ ಹಾಕಿ ಮುಚ್ಚುವುದು, ಆಮೇಲೆ ಅದೇ ಹೊಲಕ್ಕೆ ಗೊಬ್ಬರ. ಇದನ್ನೂ ಹೊರಡುವ ಮೊದಲೇ ಎಲ್ಲರಿಗೂ ಹೇಳಿ.

ಗುಂಪಿನ ವಿಷಯ

ಆರು ಜನರಲ್ಲಿ ಜಗಳ ಬರುವುದೇ ಇಲ್ಲ ಅಂತಲ್ಲ. ಐದನೇ ದಿನ ಬರುತ್ತದೆ, ಸಾಮಾನ್ಯವಾಗಿ ಕಿಟಕಿ ಸೀಟಿಗೆ ಅಥವಾ ಬಿಸಿನೀರಿನ ಬಕೆಟ್‌ಗೆ. ಸೀಟು ದಿನಾ ಬದಲಾಗಬೇಕು ಅಂತ ಮೊದಲ ದಿನವೇ ತೀರ್ಮಾನ ಮಾಡಿ. ವಾಂತಿ ಬರುವವರಿಗೆ ಮಾತ್ರ ಮುಂದಿನ ಸೀಟು ಕಾಯಂ. ಎಲ್ಲರೂ ಒಂದೇ ಮೊತ್ತ ಹಾಕಿ ಒಂದು ಕಾಮನ್ ಪರ್ಸ್ ಮಾಡಿ, ಒಬ್ಬರೇ ಹಿಡಿದುಕೊಳ್ಳಲಿ, ರಾತ್ರಿ ಊಟದ ಹೊತ್ತಿಗೆ ಲೆಕ್ಕ ಬರೆಯಲಿ. ಇನ್ನೊಬ್ಬರಿಗೆ ಔಷಧಿ ಚೀಲ. ಮತ್ತೊಬ್ಬರು ಡ್ರೈವರ್ ಜೊತೆ ಮಾತಾಡುವವರು, ಉಳಿದ ಐವರೂ ಡ್ರೈವರ್‌ಗೆ ಐದು ಥರ ಹೇಳಬಾರದು. ಡ್ರೈವರ್ ಸಂಜೆ ಮೇಲೆ ಓಡಿಸುವುದಿಲ್ಲ ಅಂದರೆ ಅಲ್ಲಿಗೆ ಮಾತು ಮುಗಿಯಿತು.

ಯಾರಿಗಾದರೂ ಒಂದು ದಿನ ಎಲ್ಲೂ ಬರಲು ಮನಸ್ಸಿಲ್ಲದಿದ್ದರೆ ಬಿಡಿ. ಹೋಮ್‌ಸ್ಟೇಯಲ್ಲಿ ಮಲಗಿದವನನ್ನು ಎಬ್ಬಿಸಿ ಕೋಮಿಕ್‌ಗೆ ಎಳೆದುಕೊಂಡು ಹೋಗುವುದರಿಂದ ಯಾರಿಗೂ ಉಪಯೋಗ ಇಲ್ಲ.

ವಾಪಸ್ ಬರುವುದು ಕುಂಜುಮ್ ದಾಟಿ ಮನಾಲಿಗೆ. ಅಷ್ಟು ದಿನ ಮೇಲಿದ್ದು ಬಂದ ಮೇಲೆ ಆ ಎತ್ತರ ಏನೂ ಅನ್ನಿಸುವುದಿಲ್ಲ. ದಾರಿಯಲ್ಲಿ ಚಂದ್ರತಾಲ್ ಕೆರೆ ಇದೆ, 4,250 ಮೀಟರ್‌ಗೂ ಮೇಲೆ. ಡೇರೆಗಳು ಕೆರೆಯಿಂದ ದೂರ ಇರುತ್ತವೆ, ದಡದಲ್ಲಿ ಹಾಕಲು ಬಿಡುವುದಿಲ್ಲ. ಚಳಿ ಜೋರು, ಎಲ್ಲರೂ ಹುಷಾರಾಗಿದ್ದರೆ ಮಾತ್ರ ಅಲ್ಲಿ ರಾತ್ರಿ ಇರಿ. ಬಾತಲ್‌ನಿಂದ ಮುಂದಿನ ರಸ್ತೆ ರಸ್ತೆಯೇ ಅಲ್ಲ, ಬಂಡೆಗಳ ಮೇಲೆ ನೀರು ಹರಿಯುತ್ತಿರುತ್ತದೆ. ಬಿಸಿಲೇರಿ ಮೇಲಿನ ಹಿಮ ಕರಗಿದ ಹಾಗೆಲ್ಲ ಹಳ್ಳಗಳಲ್ಲಿ ನೀರು ಜಾಸ್ತಿಯಾಗುತ್ತದೆ. ಬೆಳಿಗ್ಗೆ ಮೊಣಕಾಲಿಗಿಂತ ಕೆಳಗಿದ್ದ ಹಳ್ಳ ಮಧ್ಯಾಹ್ನ ಗಾಡಿಯ ಬಾಗಿಲು ತಟ್ಟುತ್ತದೆ. ಆರು ಗಂಟೆಗೆ ಹೊರಟುಬಿಡಿ, ತಿಂಡಿ ಬಾತಲ್‌ನಲ್ಲಿ ಮಾಡಿ.

2020ರಲ್ಲಿ ತೆರೆದ ಅಟಲ್ ಸುರಂಗ ಒಂಬತ್ತು ಕಿಲೋಮೀಟರ್. ಈಚೆ ಬಂದ ಕೂಡಲೇ ಮರಗಳು, ಹಸಿರು, ಆರೂ ಫೋನುಗಳು ಒಟ್ಟಿಗೆ ಟಿಂಗ್ ಟಿಂಗ್ ಅಂತ ಶುರುವಾಗುತ್ತವೆ. ಯಾರೂ ತಲೆ ಎತ್ತುವುದಿಲ್ಲ. ಕಾಮನ್ ಪರ್ಸ್ ಲೆಕ್ಕವನ್ನು ಆ ರಾತ್ರಿ ಮನಾಲಿಯಲ್ಲೇ ಮುಗಿಸಿಬಿಡಿ, ಊರಿಗೆ ಬಂದ ಮೇಲೆ ಯಾರೂ ಕೂರುವುದಿಲ್ಲ.